ಪುಣೆಗೆ ಕೇಳಿದ ಚುರಮರಿ ಸಪ್ಪಳ

ನಮ್ಮ ಓಣಿಯಲ್ಲಿ ಪರದೇಶ ಕಾಣದವರು ಇಬ್ಬರೇ ಉಳಿದಿದ್ದೆವು: ನಾನು ಮತ್ತು ಮೂಲೆಯ ಗುಡಿಯ ಹನುಮಪ್ಪ. ಆಮೇಲೆ ನೆನಪಾಯಿತು, ಹನುಮಪ್ಪ ಲಂಕೆಗೆ ಹೋಗಿ ಬಂದವನು. ಅಲ್ಲಿಗೆ ನಾನೊಬ್ಬಳೇ ಆದೆ.

ಎದುರುಮನೆಯ ಶಾಂತಕ್ಕ ಸಿಂಗಾಪುರಕ್ಕೆ ಹೋಗಿ ಬಂದಾಗಿನಿಂದ, ಅಲ್ಲಿಯ ರಸ್ತೆಯ ಮೇಲೆ ಒಂದು ಕಸಕಡ್ಡಿಯೂ ಇಲ್ಲವೆಂದು ಹೇಳುತ್ತ ನಮ್ಮ ಕಟ್ಟೆಯ ಮೇಲೆ ಶೇಂಗಾ ಸಿಪ್ಪೆ ಚೆಲ್ಲಿ ಹೋಗುತ್ತಾರೆ. ಕಡೆಗೆ ನಾನೂ ಹೋಗಿ ಬಂದೆ. ಪುಣೆಗೆ.

ನಗಬೇಡಿ. ನಮ್ಮ ಮನೆಯವರು ಆಗಲೇ ನಕ್ಕಾಗಿದೆ. "ಧಾರವಾಡದಿಂದ ಪುಣೆ ಪರದೇಶ ಹೆಂಗಾಗ್ತದ? ಪಾಸ್‌ಪೋರ್ಟ್ ಎಲ್ಲದ?" ಎಂದರು. ನನ್ನ ಲೆಕ್ಕ ಬೇರೆ. ಬೋರ್ಡಿನ ಅಕ್ಷರ ಬದಲಾದರೆ, ಕೇಳದೆಯೇ ಸಾರಿಗೆ ಬೆಲ್ಲ ಬಿದ್ದರೆ, ನಾನು ಆಡಿದ ಮಾತು ಎದುರಿನವರಿಗೆ ಬೇರೆಯೇ ಆಗಿ ಕೇಳಿಸಿದರೆ ಅದು ಪರದೇಶ. ಪುಣೆಯಲ್ಲಿ ನನಗೆ ಮೂರೂ ಆದವು. ಮೂರನೆಯದರಲ್ಲಂತೂ ಮನೆಯ ಮಾನ ಹರಾಜಿಗೆ ಬಂದಿತ್ತು.

ಹೋದ ಕಾರಣ ಹೇಳುತ್ತೇನೆ. ನನ್ನ ನಾದಿನಿ ಸುಧಾ ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಭಾಷೆಯ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಪುಣೆಯ ಕನ್ನಡ ಮನೆಗಳಲ್ಲಿ ಕನ್ನಡ ಎಲ್ಲಿ ಮುಗಿಯುತ್ತದೆ, ಮರಾಠಿ ಎಲ್ಲಿ ಶುರುವಾಗುತ್ತದೆ ಎಂಬುದು ಅವಳ ವಿಷಯ. ಇಷ್ಟು ದಿನ ಇಂಥವರು ಬರೆದದ್ದನ್ನು ಇಂಥವರೇ ಓದಿಕೊಂಡು ಇರುತ್ತಿದ್ದರು. ಈಗ ಮೇಲಿನವರು, ನೀವು ಕಂಡುಹಿಡಿದದ್ದನ್ನು ಜನರಿಗೂ ತಿಳಿಯುವಂತೆ ಹೇಳಿ ಎಂದಿದ್ದಾರಂತೆ. ಅದಕ್ಕೆ ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ, ಜೊತೆಗೆ ಪಾಡ್‌ಕಾಸ್ಟು. ಪಾಡ್‌ಕಾಸ್ಟ್ ಗೊತ್ತಿಲ್ಲದವರಿಗೆ: ಮಠದಲ್ಲಿ ಪುರಾಣ ಹೇಳುತ್ತಾರಲ್ಲ, ಹಾಗೆ ಇಲ್ಲಿ ಪ್ರಾಧ್ಯಾಪಕರು ಫೋನಿನೊಳಗಿಂದ ಹೇಳುತ್ತಾರೆ. ನಿದ್ದೆ ಬಂದರೆ ಯಾರೂ ನೋಡುವುದಿಲ್ಲ. ಕಡೆಗೆ ಪ್ರಸಾದವೂ ಇಲ್ಲ.

ಕಳೆದ ದೀಪಾವಳಿಗೆ ಸುಧಾ ತವರಿಗೆ ಬಂದಾಗ ನಮ್ಮ ಅಡಿಗೆಮನೆಯಲ್ಲಿ ಒಂದು ಸಣ್ಣ ಯಂತ್ರ ಇಟ್ಟು, "ವೈನಿ, ನೀವು ಹೆಂಗ ಮಾತಾಡ್ತೀರಿ ಹಂಗs ಮಾತಾಡ್ರಿ" ಎಂದಿದ್ದಳು. ಚಕ್ಕಲಿ ಒತ್ತುತ್ತ ನಾನು ಏನೇನೋ ಮಾತಾಡಿದ್ದೆ. ಆ ಮಾತುಗಳು ಪಾಡ್‌ಕಾಸ್ಟಿನಲ್ಲಿ ಬಂದಿವೆ, ಈಗ ಅವಳ ಉಪನ್ಯಾಸದಲ್ಲೂ ಬರುತ್ತವೆ, ಬರಲೇಬೇಕು ಎಂದು ಕರೆ ಬಂತು.

ನಾನು ಹೊರಡುವುದು ನಿಕ್ಕಿಯಾದ ದಿನ ನಮ್ಮ ಅತ್ತೆಯವರು ಜಪಮಾಲೆ ಕೆಳಗಿಟ್ಟು, "ನಾನೂ ಬರ್ತೀನಿ" ಎಂದರು.

ಮಗಳು ಎಷ್ಟು ವರ್ಷ ಕರೆದರೂ ಹೋಗದವರು. ಎಂಬತ್ತು ದಾಟಿದೆ. ಮಡಿ ಅಂದರೆ ಮಡಿ. ಏಕಾದಶಿ ದಿನ ನೀರು ಕೂಡ ಗಂಟಲಿಗಿಳಿಸದವರೆಂದು ಓಣಿಯಲ್ಲಿ ಹೆಸರು. ಅವರ ಸಹಸ್ರನಾಮದ ಗುಂಪಿನ ಹೆಂಗಸರು ಏಕಾದಶಿ ಯಾವತ್ತೆಂದು ಪಂಚಾಂಗ ನೋಡುವುದಿಲ್ಲ, ನಮ್ಮ ಅತ್ತೆಯವರ ಮುಖ ನೋಡುತ್ತಾರೆ. ಈ ವರ್ಷವೇ ಮೊದಲ ಬಾರಿಗೆ ದೇವರ ನೈವೇದ್ಯದ ಅಡಿಗೆಯನ್ನು ನನ್ನ ಕೈಗೆ ಬಿಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಕಾಯ್ದದ್ದು. ಆ ನಂಬಿಕೆ ಉಳಿಸಿಕೊಂಡು ಬರುವುದೊಂದೇ ನನಗಿದ್ದ ಕೆಲಸ. ಉಳಿದದ್ದೆಲ್ಲ ದೇವರು ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಹೆದ್ದಾರಿ

ಹಗಲಿನ ಬಸ್ಸು. ಕಿಟಕಿಯ ಸೀಟು ಅತ್ತೆಯವರಿಗೆ. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಅದರ ಬಾಯಿಗೆ ಲಾಡಿ, ಲಾಡಿಗೆ ಗಂಟು. ಒಳಗೆ ಬೆಳ್ಳಿಯ ಲೋಟ, ನಮ್ಮ ಬಾವಿಯ ನೀರು, ತುಳಸಿ, ಮಗಳಿಗೆಂದು ಒಂದು ಡಬ್ಬಿ ಧಾರವಾಡದ ಪೇಢೆ. ಚೀಲ ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಬೆಳಗಾವಿ ದಾಟಿದ ಮೇಲೆ ಚಕ್ಕಲಿ ತೆಗೆದರು. ಅವರ ಹಲ್ಲು ಇವತ್ತಿಗೂ ಒಂದೂ ಅಲುಗಿಲ್ಲ. ಕಡಿದ ಸಪ್ಪಳಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಎರಡನೆಯ ಚಕ್ಕಲಿಗೆ ಕಂಡಕ್ಟರನೇ ತಿರುಗಿದ. ಗೇರ್ ಬಾಕ್ಸಿಗೆ ಏನಾದರೂ ಆಯಿತೇನೋ ಎಂದು ಗಾಬರಿಯಾಗಿತ್ತಂತೆ.

ನಿಪ್ಪಾಣಿಯ ಆಚೆ ಗಡಿ. ಅಲ್ಲಿ ಏನೋ ಒಂದು ಆಗುತ್ತದೆ, ಗೆರೆಯಾದರೂ ಕಾಣುತ್ತದೆ ಎಂದು ನಾನು ಕುತ್ತಿಗೆ ಚಾಚಿ ಕೂತಿದ್ದೆ. ಏನೂ ಇಲ್ಲ. ಟೋಲ್ ನಾಕೆ, ಒಂದು ಎಮ್ಮೆ. ಎಮ್ಮೆಯ ಮುಖ ಆ ಕಡೆಗೆ, ಬಾಲ ನಮ್ಮ ಕಡೆಗೆ. ಅಷ್ಟೇ.

"ಬಂತs ಮಹಾರಾಷ್ಟ್ರ," ಎಂದರು ಅತ್ತೆಯವರು.

"ನಿಮಗ ಹೆಂಗ ಗೊತ್ತಾತ್ರಿ ಅತ್ಯಾ?"

"ಚಹಾದ ಅಂಗಡಿ ಬೋರ್ಡ್ ಓದಿದೆ. ನಾ ಬೆಳಗಾವಿ ಹುಡುಗಿ, ಮರತಿಯೇನು?"

ಅವರಿಗೆ ಮರಾಠಿ ಓದಲು, ಬರೆಯಲು, ಜಗಳವಾಡಲು ಎಲ್ಲ ಬರುತ್ತದೆ. ನಾನು ಗದಗ ಕಡೆಯವಳು. ನನಗೆ ಬರುವ ಮರಾಠಿ ಒಂದೇ ಶಬ್ದ, 'ನಕೋ', ಬೇಡ. ಅದನ್ನು ಬೇಕೆಂದು ಹೇಳಬೇಕಾದಲ್ಲಿಯೂ ಹೇಳಿ ದಾರಿಯಲ್ಲಿ ಒಂದು ಚಹಾ ಕಳೆದುಕೊಂಡೆ.

ಕಾತ್ರಜ್

ಘಾಟು ಇಳಿದು ಕಾತ್ರಜಿನಲ್ಲಿ ಬಸ್ಸು ನಮ್ಮನ್ನು ಚೆಲ್ಲಿ ಹೋಯಿತು. ಪುಣೆಯ ಹೆಣ್ಣುಮಕ್ಕಳನ್ನು ಅಲ್ಲೇ ಮೊದಲು ನೋಡಿದ್ದು. ಮುಖಕ್ಕೆಲ್ಲ ದುಪಟ್ಟಾ ಸುತ್ತಿ, ಕಣ್ಣಷ್ಟೇ ಬಿಟ್ಟು, ಸ್ಕೂಟರಿನ ಮೇಲೆ ಸುಂಯ್ ಎಂದು ಹೋಗುತ್ತಾರೆ. ದರೋಡೆಗೆ ಹೊರಟವರೆಂದು ತಿಳಿದು ನಾನು ಮಂಗಳಸೂತ್ರವನ್ನು ಸೆರಗಿನೊಳಗೆ ಸೇರಿಸಿದೆ. ಸುಧಾ ಆಮೇಲೆ ಹೇಳಿದಳು, ಅದು ಧೂಳಿಗೆ.

ಒಂದು ರಿಕ್ಷಾ ಬಂದು ನಿಂತಿತು. ಚಾಲಕ ನನ್ನತ್ತ ಬಾಗಿ, "ಬಸಾ ಮಾವಶಿ," ಎಂದ.

"ಬಸ್ ನಕೋ," ಎಂದೆ, ನನ್ನ ಒಂದೇ ಶಬ್ದವನ್ನು ಸರಿಯಾದ ಜಾಗದಲ್ಲಿ ಹಾಕಿದ ಸಂತೋಷದಿಂದ. "ಆಟೋನೇ ಬೇಕು."

"ಬಸಾ ನಾ!"

"ಬಸ್ ನಕೋ ಅಂದೆನಲ್ಲಪಾ!"

ಅವನು ಕೈಮುಗಿದು ಹೊರಟೇಬಿಡುತ್ತಿದ್ದ. ಅತ್ತೆಯವರು ರಿಕ್ಷಾದ ಕಂಬಿ ಹಿಡಿದು ನಿಲ್ಲಿಸಿದರು. "ಕೂಡ್ರು ಅಂತಾನವಾ ಅಂವಾ. ಬಸಾ ಅಂದ್ರ ಕೂಡ್ರ್ರಿ ಅಂತ. ನಿನಗ ಮಾತು ಕಲಿಸೂದ್ರಾಗ ನನ್ನ ಮೊಣಕಾಲು ಹೋದ್ವು."

ಒಂದು ಶಬ್ದ ಕಲಿತೆ. ಮೊಣಕಾಲು ಅವರದ್ದು, ಕಲಿಕೆ ನನ್ನದು. ದೇವರು ದೊಡ್ಡವನು.

ಧನಕವಡಿ

ಸುಧಾ ಇರುವುದು ಧನಕವಡಿಯಲ್ಲಿ, ಮೂರನೆಯ ಮಹಡಿ. ಮೆಟ್ಟಿಲು ಹತ್ತುವಾಗ ಬಾಗಿಲುಗಳನ್ನು ಓದುತ್ತ ಹೋಗಬಹುದು. ನಮ್ಮ ಕಡೆ ಬಾಗಿಲಿಗೆ ಸ್ವಾಗತ ಎಂದು ಬರೆದು ಒಳಗೆ ಬೈದುಕೊಳ್ಳುತ್ತೇವೆ. ಇಲ್ಲಿಯವರು ಬಾಗಿಲಲ್ಲೇ ಬೈದು, ಒಳಗೆ ಹೋದ ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಒಂದು ಬೋರ್ಡನ್ನು ಅತ್ತೆಯವರು ನನಗೆ ಕನ್ನಡದಲ್ಲಿ ಓದಿ ಹೇಳಿದರು: 'ಬೆಲ್ ಒಮ್ಮೆ ಒತ್ತಿ. ಒಳಗಿನವರಿಗೆ ವಯಸ್ಸಾಗಿದೆ, ಕಿವಿ ಹೋಗಿಲ್ಲ.' ಓದಿ ಬಹಳ ಹೊತ್ತು ಮೆಚ್ಚಿಕೊಂಡು ನಿಂತರು. ಧಾರವಾಡಕ್ಕೆ ಹೋದ ಮೇಲೆ ಇಂಥದ್ದೊಂದು ಬರೆಸಬೇಕಂತೆ.

ಸುಧಾ ಬಾಗಿಲು ತೆರೆದು ತಾಯಿಯನ್ನು ತಬ್ಬಿಕೊಂಡಳು. ಪೇಢೆಯ ಡಬ್ಬಿ ತೆಗೆದು ಅಲ್ಲಾಡಿಸಿದಳು. "ಅವ್ವಾ, ಡಬ್ಬಿ ಅರ್ಧಾ ಖಾಲಿ ಅದ ಅಲ್ಲ?"

"ಬಸ್ಸಿನ ಕುಲುಕಾಟಕ್ಕ ಕುಗ್ಗ್ಯಾವ," ಎಂದರು ಅತ್ತೆಯವರು, ಕಾಲು ತೊಳೆಯಲು ಹೋಗುತ್ತ.

ಪೇಢೆ ಕುಗ್ಗುತ್ತದೆಯೇ ಎಂದು ನಾನು ಯೋಚಿಸುವಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಎನ್ನುವವರು, ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಮೆಂತ್ಯದ ಸೂಡು, ಕಿವಿಯಲ್ಲಿ ಫೋನಿನ ತಂತಿ. ಸೊಪ್ಪು ಸೋಸುವಾಗ ಪಾಡ್‌ಕಾಸ್ಟ್ ಕೇಳುವುದು ಇವರ ಪದ್ಧತಿಯಂತೆ. ಮೆಂತ್ಯಕ್ಕೆ ಇತಿಹಾಸ, ಬಟಾಣಿಗೆ ಖಗೋಳ. ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿ, ಬರುವ ಏಕಾದಶಿಗೆ ಸಾಬುದಾಣಿ ಖಿಚಡಿ, ಶೇಂಗಾ ಉಂಡಿ, ಬಟಾಟೆ ಪಲ್ಯ, ಹಾಲಿನ ಮಿಠಾಯಿ ಕಳಿಸುತ್ತೇನೆಂದರು. ಇಲ್ಲಿ ಉಪವಾಸಕ್ಕೆ ಇವೆಲ್ಲ ನಡೆಯುತ್ತವೆ ಎಂದು ಸುಧಾ ನನಗೆ ಕನ್ನಡದಲ್ಲಿ ತಿಳಿಸಿದಳು.

ಕಾಕು ಅತ್ತ ತಿರುಗಿದೊಡನೆ ಅತ್ತೆಯವರು, "ಇದು ಉಪಾಸೇನ, ಮದವಿ ಊಟೇನ?" ಎಂದು ಮೂಗು ಮುರಿದರು.

ನಾನು ಚಹಾ ಮಾಡಲು ಅಡಿಗೆಮನೆಗೆ ಹೋದರೆ ಕಾಕು ಹಿಂದೆಯೇ ಬಂದು, ನನ್ನ ಮೊಣಕೈ ಹಿಡಿದು, ಮರಾಠಿಯಲ್ಲಿ ಏನೋ ಪಿಸುಗುಟ್ಟಿ ಕಿಲಕಿಲ ನಕ್ಕರು. ನನಗೆ ತಿಳಿದದ್ದು ಮೂರೇ ಶಬ್ದ: ಸಾಸೂಬಾಯಿ, ಏಕಾದಶಿ, ಚುರಮುರೆ.

ಮೂರು ಸಾಕಾದವು. ಕೈಯಲ್ಲಿದ್ದ ಸಕ್ಕರೆ ಡಬ್ಬಿ ಜಾರಿತು. ಮುಚ್ಚಳ ಗಟ್ಟಿಯಿತ್ತು, ಅದೊಂದು ಉಪಕಾರ.

ಆ ಚುರಮರಿ, ಅಂದರೆ ಮಂಡಕ್ಕಿ, ನನಗೆ ಗೊತ್ತಿತ್ತು. ದೀಪಾವಳಿಯಲ್ಲಿ ಯಂತ್ರದ ಮುಂದೆ ನಾನು ನಮ್ಮ ಆಯಿಯ ಕಥೆ ಹೇಳಿದ್ದೆ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ತೀರಿಕೊಂಡು ಎಷ್ಟೋ ಕಾಲವಾದ ನನ್ನ ತವರಿನ ಅಜ್ಜಿ ಏಕಾದಶಿ ದಿನ ದೇವರ ಮನೆಯ ಬಾಗಿಲು ಮುಂದೆ ಮಾಡಿಕೊಂಡು, ಜಪದ ಚೀಲದೊಳಗಿಂದ ಚುರಮರಿ ತಿನ್ನುತ್ತಿದ್ದಳು. ಆದರೆ ಕಾಕು ಹೇಳಿದ್ದು ಆಯಿ ಅಲ್ಲ. ಸಾಸೂಬಾಯಿ. ಅತ್ತೆ.

ಹೊರಗೆ ಆ ಅತ್ತೆ ಸೋಫಾದ ಮೇಲೆ ಒಗೆದ ಪಂಚೆ ಹಾಸಿಕೊಂಡು ಜಪಕ್ಕೆ ಕೂತಿದ್ದರು.

ಸುಧಾಳನ್ನು ಬಚ್ಚಲಿನ ಬದಿಗೆ ಎಳೆದು ಕೇಳಿದೆ. "ಪಾಡ್‌ಕಾಸ್ಟಿನ್ಯಾಗ ಏನು ಹೇಳೀರಿ ನೀವು? ಚುರಮರಿ ತಿಂದಾಕಿ ಯಾರು?"

"ನಿಮ್ಮ ಆಯಿ. ಮತ್ಯಾರು?"

"ನೀ ಕೇಳೀಯೇನು ಅದನ್ನ?"

ಸುಧಾ ಮುಖ ಸಣ್ಣದು ಮಾಡಿದಳು. "ನನ್ನ ಧ್ವನಿ ನನಗs ಕೇಳ್ಳಿಕ್ಕೆ ಆಗೂದಿಲ್ಲ ವೈನಿ. ನನ್ನ ಪಾಡ್‌ಕಾಸ್ಟ್ ನಾ ಒಂದೂ ಕೇಳಿಲ್ಲ."

ಕೇಳಿದಳು. ಬಚ್ಚಲಿನ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಒಂದು ಕಿವಿಗೆ ಅವಳು, ಒಂದು ಕಿವಿಗೆ ನಾನು ತಂತಿ ಹಾಕಿಕೊಂಡು. ನನ್ನ ದನಿ ಬಂತು, ಅದರ ಹಿಂದೆ ಕುಕ್ಕರಿನ ಸೀಟಿ, ಅದರ ಹಿಂದೆಯೇ ಒಬ್ಬ ಹೆಣ್ಣುಮಗಳ ಇಂಪಾದ ಮರಾಠಿ. ಸುಧಾ ಬಕೆಟ್ಟಿನ ಮೇಲೆಯೇ ಕುಸಿದಳು.

"'ನಮ್ಮ ಅತ್ತೆಯವರು ಏಕಾದಶಿ ದಿನ ಕದ್ದು ಚುರಮರಿ ತಿಂತಾರ.' ಹಂಗ ಅಂದಾರ್ರಿ ವೈನಿ! ತಿಂತಿದ್ರು ಅಂತನೂ ಅಲ್ಲ. ತಿಂತಾರ!"

"ಸುಧಾ, ನಾಡಿದ್ದು ಉಪನ್ಯಾಸದಾಗ ಇದs ಬರ್ತದೇನು?"

"ದೊಡ್ಡ ಪರದಿ ಮ್ಯಾಲೆ. ಕೆಳಗ ಮರಾಠಿ ಅಕ್ಷರಾನೂ ಬರ್ತಾವ."

"ಅತ್ಯಾಗ ಮರಾಠಿ ಓದಲಿಕ್ಕೆ ಬರ್ತದ."

"ಮುಂದಿನ ಸಾಲಿನಾಗ ಕೂಡಸೂದಂತ ಹೇಳಿಟ್ಟೇನಿ," ಎಂದಳು ಸುಧಾ, ಅಳುವ ದನಿಯಲ್ಲಿ.

ವಿಶ್ವವಿದ್ಯಾಲಯ, ಮೊದಲ ದಿನ

ಮರುದಿನ ಅದನ್ನು ತಿದ್ದಿಸಲು ಹೋದೆವು. ಅತ್ತೆಯವರನ್ನು ಮನೆಯಲ್ಲಿ ಬಿಟ್ಟರೆ ಕಾಕು ಬಂದು ಬಾಯಿ ಬಿಟ್ಟಾರು ಎಂಬ ಹೆದರಿಕೆಗೆ ಜೊತೆಗೇ ಕರೆದುಕೊಂಡೆವು. ದೊಡ್ಡ ದೊಡ್ಡ ಮರ, ಹಳೆಯ ಕಲ್ಲಿನ ಕಟ್ಟಡ. ಓದದೆ ಸುಮ್ಮನೆ ಕೂತಿದ್ದರೂ ಬುದ್ಧಿ ಬರುವಂಥ ಗಾಳಿ.

ಪಾಡ್‌ಕಾಸ್ಟಿನ ಕೋಣೆ ಮೊದಲು ಉಗ್ರಾಣವಾಗಿತ್ತಂತೆ. ಸಪ್ಪಳ ಒಳಗೆ ಬರಬಾರದು, ಹೊರಗೆ ಹೋಗಬಾರದು ಎಂದು ಗೋಡೆಗೆಲ್ಲ ಮೊಟ್ಟೆ ಇಡುವ ಕಾಗದದ ತಟ್ಟೆಗಳನ್ನು ಬಡಿದಿದ್ದರು. ಅತ್ತೆಯವರು ಹೊಸ್ತಿಲಲ್ಲಿ ಒಂದು ಕಾಲಿಟ್ಟು ಹಿಂದೆಗೆದರು. "ಇದು ವಿದ್ಯಾಲಯೇನ, ಕೋಳಿ ಫಾರ್ಮೇನ?"

"ಬರೇ ತಟ್ಟಿ ಅವ್ವಾ. ತತ್ತಿ ಇಲ್ಲ."

"ತತ್ತಿ ಕೂತು ಎದ್ದು ಹೋದ ಜಾಗಾ ಅಲ್ಲೇನು? ನಾ ಮರದ ಕೆಳಗ ಕೂಡ್ತೀನಿ."

ಮೊಟ್ಟೆಯ ತಟ್ಟೆಗಳಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಮಡಿ ಇದ್ದದ್ದಕ್ಕೆ ಅವರು ಹೊರಗುಳಿದರು. ಅವರು ಹೊರಗುಳಿದದ್ದಕ್ಕೆ ನಾವು ಒಳಗೆ ಬಾಯಿಬಿಟ್ಟು ಮಾತಾಡಬಹುದಾಗಿತ್ತು.

ಒಳಗಿದ್ದವಳು ಮಾಧುರಿ. ಆ ಇಂಪಾದ ದನಿ ಇವಳದೇ. ಸಂಶೋಧನೆಗಳನ್ನೆಲ್ಲ ಜನರ ಮರಾಠಿಗೆ ಇಳಿಸುವುದು ಇವಳ ಕೆಲಸ. ಚುರುಕು ಹೆಂಗಸು. ಒಂದು ಮಾತು ಮುಗಿಯುವ ಮೊದಲೇ ಮುಂದಿನ ಮಾತು ಬಾಗಿಲು ಬಡಿಯುತ್ತಿರುತ್ತದೆ. ಸುಧಾ ಸಿಟ್ಟಿನಿಂದ ಕೇಳಿದ್ದಕ್ಕೆ ಅವಳು ಒಂದಿಷ್ಟೂ ಅಳುಕದೆ ತಾನು ಹೇಗೆ ಯೋಚಿಸಿದೆ ಎಂದು ಹೇಳಿದಳು. ಸುಧಾ ನನಗೆ ಕನ್ನಡದಲ್ಲಿ ತಿಳಿಸಿದಳು.

ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಅಜ್ಜಿ ಅಲ್ಲ. ಸೊಸೆ ಅತ್ತೆಯನ್ನೂ ಆಯಿ ಎಂದೇ ಕರೆಯುತ್ತಾಳೆ. ಮಾತಾಡಿದವಳು ಸೊಸೆ. ಮಾತಾಡಿದ್ದು ಗಂಡನ ಮನೆಯ ಅಡಿಗೆಮನೆಯಲ್ಲಿ. ತಾಯಿ ಎಂದು ಬರೆದರೆ ಕೇಳುವವರಿಗೆ ಗೊಂದಲವಾಗುತ್ತದೆ. ಅದಕ್ಕೆ ಬಹಳ ವಿಚಾರ ಮಾಡಿ ಸಾಸೂಬಾಯಿ ಎಂದು ಹಾಕಿದಳಂತೆ.

ಕೇಳಿದರೆ ತಪ್ಪೇ ಇಲ್ಲ ಅನ್ನಿಸಬೇಕು, ಹಾಗಿತ್ತು. ವಿಚಾರ ಮಾಡದೆ ಬರೆದಿದ್ದರೆ ಅಮ್ಮನ ಹೆಸರು ಕೆಡುತ್ತಿತ್ತು. ಮಾಡಿದ್ದಕ್ಕೆ ಅತ್ತೆಯ ಹೆಸರು ಕೆಟ್ಟಿತು.

"ಮತ್ತ 'ತಿಂತಿದ್ಲು' ಹೋಗಿ 'ತಿಂತಾರ' ಯಾಕಾತು ಕೇಳು," ಎಂದೆ.

ಮಾಧುರಿ ನಕ್ಕಳು. ಹಾಗೆ ಹೇಳಿದರೆ ಕೇಳುವವರಿಗೆ ಹತ್ತಿರವಾಗುತ್ತದಂತೆ. ಹತ್ತಿರವೇ ಆಗಿದೆಯಮ್ಮ, ಮರದ ಕೆಳಗೆ ಕೂತಿದೆ ಎಂದು ಹೇಳುವ ಮನಸ್ಸಾಯಿತು. ನನಗೆ ಮರಾಠಿ ಬರದಿದ್ದದ್ದು ಅವಳ ಪುಣ್ಯ.

ಆದರೂ ಹೆಂಗಸು ಒಳ್ಳೆಯವಳು. ಯಾರ ಮಾನದ ಪ್ರಶ್ನೆ ಎಂದು ತಿಳಿದೊಡನೆ ಕಿವಿ ಹಿಡಿದುಕೊಂಡಳು. ನಮ್ಮೆದುರಿಗೇ ಅಕ್ಷರ ಅಳಿಸಿ 'ಆಜಿ', ಅಂದರೆ ಅಜ್ಜಿ, ಎಂದು ಹಾಕಿದಳು. ಪಾಡ್‌ಕಾಸ್ಟನ್ನೂ ಇಳಿಸಿ, ತಿದ್ದಿ ಮತ್ತೆ ಏರಿಸುತ್ತೇನೆಂದಳು. ಆಗಲೇ ಎಷ್ಟು ಜನ ಕೇಳಿದ್ದಾರೆಂದು ನಾನು ಕೇಳಲಿಲ್ಲ. ಅವಳು ಹೇಳಲು ಬಾಯಿ ತೆರೆದಿದ್ದಳು, 'ನಕೋ' ಎಂದೆ. ಆ ಶಬ್ದ ಅಷ್ಟು ಸರಿಯಾಗಿ ಇನ್ನೆಲ್ಲೂ ಕೂತಿರಲಿಲ್ಲ.

ಹೊರಗೆ ಬಂದರೆ ಅತ್ತೆಯವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. "ಮುಗೀತೇನು ನಿಮ್ಮ ಗುಜುಗುಜು?" ಎಂದರು.

"ಒಳಗಿನ ಮಾತು ಹೊರಗ ಕೇಳೂದಿಲ್ರಿ ಅತ್ಯಾ," ಎಂದೆ, ಗಾಬರಿಯಿಂದ.

"ನಾ ಎಲ್ಲಿ ಕೇಳೇನಿ ಅಂದೆ?"

ಸಭಾಂಗಣ

ಪುಣೆಯ ಜನ ಉಪನ್ಯಾಸಕ್ಕೆ ಬರುವ ರೀತಿಯನ್ನು ನಮ್ಮವರು ನೋಡಬೇಕು. ನಾವು ಪಂಕ್ತಿಯ ಊಟಕ್ಕೆ ಜಾಗ ಹಿಡಿಯುವಂತೆ ಇವರು ಮುಂದಿನ ಕುರ್ಚಿಗೆ ಕರವಸ್ತ್ರ ಹಾಕಿ ಹೋಗಿರುತ್ತಾರೆ. ನೀರಿನ ಬಾಟಲಿ, ಫ್ಯಾನಿನ ಗಾಳಿಗೆ ಸ್ವೆಟರು, ವಿಷಯ ಯಾವುದಾದರೂ ಸರಿ. ಹೋದ ತಿಂಗಳು ಕಪ್ಪೆಯ ಬಗ್ಗೆ ಇತ್ತಂತೆ. ಇವರೇ ಬಂದಿದ್ದರಂತೆ. ಗೋಡೆಯ ಮೇಲೆ ಬೋರ್ಡು: 'ಕೊನೆಗೆ ಪ್ರಶ್ನೆ ಕೇಳಬಹುದು. ಆತ್ಮಚರಿತ್ರೆ ಬೇಡ.'

ಸುಧಾ ನೀಲಿ ಇಳಕಲ್ ಸೀರೆ ಉಟ್ಟು ನಿಂತಳು. ಮರಾಠಿಯಲ್ಲೇ ಮಾತಾಡಿದರೂ ಅವಳು ತೋರಿಸಿದ ಚಿತ್ರಗಳಿಂದ, ನಡುನಡುವೆ ಕೇಳಿಸಿದ ಕನ್ನಡದಿಂದ ನನಗೂ ತಿಳಿಯುತ್ತಿತ್ತು. ನಿಗಡಿಯ ಒಂದು ಮನೆಯಲ್ಲಿ ಮಕ್ಕಳನ್ನು ಮುದ್ದು ಮಾಡುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಚಾಕಣದ ಕಾರ್ಖಾನೆಗೆ ದುಡಿಯಲು ಕಲಬುರಗಿ ಕಡೆಯಿಂದ ಬಂದವರ ಮನೆಯ ಕೂಸು, "ಯವ್ವಾ, ಮಲಾ ಹಸಿವಿ ಲಾಗ್ಲಿ" ಎನ್ನುತ್ತದೆ, ನನಗೆ ಹಸಿವಾಗಿದೆ ಎಂದು. ಒಂದೇ ಹಸಿವಿಗೆ ಎರಡು ಭಾಷೆ. ನಮ್ಮ ಮನೆಮಾತಿಗೆ ಇಷ್ಟೊಂದು ಗೆರೆ ಎಳೆದು ಬಣ್ಣ ಹಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ. ನಾದಿನಿಯ ಮೇಲೆ ಹೆಮ್ಮೆಯಾಯಿತು. ದೀಪಾವಳಿಯಲ್ಲಿ ಒಂದು ಪಾತ್ರೆ ತೊಳೆಯದೆ ಹೋದದ್ದನ್ನು ಅಲ್ಲಿಯೇ ಕ್ಷಮಿಸಿದೆ.

ಆಮೇಲೆ ನನ್ನ ದನಿ ಬಂತು. ಕುಕ್ಕರಿನ ಸೀಟಿಯೂ ಬಂತು. ನಾನು ಪರದೆ ನೋಡಲಿಲ್ಲ, ಅತ್ತೆಯವರನ್ನು ನೋಡಿದೆ. ಜನ ಹೋ ಎಂದು ನಕ್ಕರು. ಅಜ್ಜಿ ಚುರಮರಿ ತಿಂದದ್ದಕ್ಕೆ ಇಷ್ಟು ನಗು ಬರುವುದಿಲ್ಲ ಅನ್ನಿಸಿ ಪರದೆಗೆ ತಿರುಗಿದೆ. ಶಾಲೆಯಲ್ಲಿ ಕಲಿತ ಹಿಂದಿಯ ಬಲದಿಂದ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸಾ. ಸೂ. ಬಾ. ಯಿ.

ತಿದ್ದಿದ್ದು ಮಾಧುರಿಯ ಕಂಪ್ಯೂಟರಿನಲ್ಲಿ. ಸಭಾಂಗಣದ ಕಂಪ್ಯೂಟರಿನಲ್ಲಿ ಹಳೆಯದೇ ಉಳಿದಿತ್ತು. ಮೂಲೆಯಲ್ಲಿ ಮಾಧುರಿ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಳು.

ಅತ್ತೆಯವರು ಪರದೆಯನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ನನ್ನತ್ತ ತಿರುಗಲಿಲ್ಲ. ನೈವೇದ್ಯದ ಅಡಿಗೆ ಕೈತಪ್ಪಿತು ಎಂದುಕೊಂಡೆ. ಇನ್ನು ಮುಂದೆ ಹಬ್ಬದ ದಿನ ನನಗೆ ಕಾಯಿ ಹೆರೆಯುವುದೇ ಗತಿ.

ಸುಧಾ ಬೆವರೊರೆಸಿಕೊಂಡು, ಇದು ತಪ್ಪಾಗಿದೆ, ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಅತ್ತೆಯಲ್ಲ ಎಂದು ಹೇಳಿದಳು. ಅಷ್ಟಕ್ಕೆ ಬಿಟ್ಟರೆ ಅದು ಪುಣೆಯೇ ಅಲ್ಲ. ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯರು ಎದ್ದು ನಿಂತರು. ಆಯಿ ಎಂದರೆ ತಾಯಿ, ಇದು ಎಲ್ಲರಿಗೂ ತಿಳಿದದ್ದು. ಪಾಪ, ಮನೆಯ ಮಾನ ಉಳಿಸಲು ತಪ್ಪನ್ನು ಅಜ್ಜಿಯ ಮೇಲೆ ಹಾಕುತ್ತಿದ್ದಾರೆ ಎಂದರು. ಜನ ಮತ್ತೆ ನಕ್ಕರು. ಇದನ್ನೆಲ್ಲ ಆಮೇಲೆ ಸುಧಾ ನನಗೆ ಹೇಳಿದ್ದು. ಆಗ ನನಗೆ ಕಂಡದ್ದು ಇಷ್ಟೇ: ಅತ್ತೆಯವರು ಚೀಲವನ್ನು ನನ್ನ ಮಡಿಲಿಗೆ ಹಾಕಿ, ಕುರ್ಚಿಯ ಹಿಡಿಕೆ ಒತ್ತಿ ಎದ್ದರು. ಮೈಕಿಗೆ ಕೈ ಚಾಚಿದರು.

ಅವರು ಚೀಲವನ್ನು ನನ್ನ ಕೈಗೆ ಕೊಟ್ಟದ್ದು ಪ್ರವಾಸದಲ್ಲಿ ಅದೇ ಮೊದಲು.

ಮರಾಠಿಯಲ್ಲಿ ಶುರು ಮಾಡಿದರು. ಸುಧಾಳ ಕಡೆ ತಿರುಗಿ, "ನೀ ಕನ್ನಡ ಮಾಡಿ ಹೇಳು, ಈಕೀಗೂ ತಿಳೀಲಿ," ಎಂದರು. ಹೀಗೆ ಅವರು ಒಂದೊಂದು ಮಾತು ಹೇಳುವುದು, ಜನ ನಗುವುದು, ಸುಧಾ ಕನ್ನಡ ಮಾಡುವುದು, ಆಮೇಲೆ ನಾನೊಬ್ಬಳು ಹಿಂದಿನಿಂದ ನಗುವುದು.

"ನಾನs ಆ ಸಾಸೂಬಾಯಿ," ಎಂದರು ಮೊದಲು.

"ಈಕಿ ಆಯಿನ್ನ ನಾ ಇವರ ಮದವ್ಯಾಗ ನೋಡೇನಿ. ಬಾಯಾಗ ಒಂದು ಹಲ್ಲು ಇದ್ದಿದ್ದಿಲ್ಲ. ಹಲ್ಲಿಲ್ಲದಾಕಿ ಚುರಮರಿ ನೆನಸಿ ನೆನಸಿ ನುಂಗ್ತಾಳ, ಸಪ್ಪಳಾಗೂದಿಲ್ಲ. ಅದಕ್ಕs ಆಕೀದು ನಡದುಹೋತು."

ಆಮೇಲೆ ಬಾಯಿ ಅಗಲಿಸಿ, ಇಡೀ ಸಭೆಗೆ ತಮ್ಮ ಹಲ್ಲು ತೋರಿಸಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಆರತಿ ತೋರಿಸಿದ ಹಾಗೆ.

"ನಂದು ನೋಡ್ರಿ. ಎಲ್ಲಾ ಅದಾವ. ಈ ಹಲ್ಲಿಲೆ ನಾ ಚುರಮರಿ ತಿಂದ್ರ ಓಣಿ ತುದೀಗೆ ಕೇಳ್ತದ. ಕದ್ದು ತಿನ್ನಾಕಿ ಯಾವಾಕಿರ ಚುರಮರಿ ಆರಿಸಿಕೋತಾಳೇನು?"

ಸಭೆ ಬಿದ್ದು ಬಿದ್ದು ನಕ್ಕಿತು. ಟೊಪ್ಪಿಗೆಯ ಹಿರಿಯರು ಮಾತ್ರ ಕೂರಲಿಲ್ಲ. ಪ್ರಶ್ನೆ ಇದೆ ಎಂದು ಕೈ ಎತ್ತಿದರು. ಆ ಊರಿನಲ್ಲಿ ಅವತ್ತು ಕೇಳಿದ ಒಂದೇ ನಿಜವಾದ ಪ್ರಶ್ನೆ ಅದು.

"ಹಾಗಿದ್ದರೆ ಆಜಿ, ನೀವು ಏನು ತಿನ್ನುತ್ತೀರಿ?"

ಅತ್ತೆಯವರು ಮೈಕನ್ನು ಸುಧಾಳ ಕೈಗೆ ವಾಪಸು ಕೊಡುತ್ತ, ಕನ್ನಡದಲ್ಲೇ ಹೇಳಿದರು: "ಸಪ್ಪಳಾಗದ್ದು."

ಅದನ್ನು ಮರಾಠಿ ಮಾಡಿ ಹೇಳಲು ಸುಧಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೇಳಿದ ಮೇಲೆ ಸಭೆಗೆ ಸುಮ್ಮನಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಿರಿಯರು ಟೊಪ್ಪಿಗೆ ತೆಗೆದು ನಮಸ್ಕಾರ ಮಾಡಿ ಕೂತರು. ಮಾಧುರಿ ಓಡಿ ಬಂದು ಅತ್ತೆಯವರ ಕಾಲು ಹಿಡಿದಳು. ಮುಂದಿನ ಪಾಡ್‌ಕಾಸ್ಟಿಗೆ ನೀವೇ ಬರಬೇಕು ಎಂದಳು. "ಆ ತತ್ತಿ ಖೋಲ್ಯಾಗ ನಾ ಬರಂಗಿಲ್ಲ, ಮರದ ಕೆಳಗ ಆದ್ರ ಹೇಳು," ಎಂದರು.

ಕಡೆಗೆ ಬಿಸಿ ವಡೆ, ಚಹಾ ಇತ್ತು. ಪ್ರಸಾದವಿಲ್ಲ ಎಂದು ಮೊದಲು ಬರೆದೆನಲ್ಲ, ಅದು ಪಾಡ್‌ಕಾಸ್ಟಿಗೆ. ಉಪನ್ಯಾಸಕ್ಕೆ ಇದೆ.

ವಾಪಸು

ಮರುದಿನ ಏಕಾದಶಿ. ಕಾಕು ಮಾತಿಗೆ ತಪ್ಪದೆ ಬೆಳಿಗ್ಗೆಯೇ ಖಿಚಡಿ, ಉಂಡಿ, ಮಿಠಾಯಿ ತಂದರು. ಅತ್ತೆಯವರು ಕೈಮುಗಿದು ಸುಧಾಳ ಫ್ರಿಜ್ಜಿಗೆ ಹಾಕಿಸಿದರು. ನಾನೂ ಅವರ ಹಾಗೆ ಬರಿಯ ತುಳಸಿಯ ತೀರ್ಥ ತೆಗೆದುಕೊಂಡು ಬಸ್ಸು ಹತ್ತಿದೆ. ಮದುವೆಯಾಗಿ ಬಂದ ಮೊದಲ ಏಕಾದಶಿಯಿಂದ ಹೀಗೆಯೇ. ಅವರು ನೀರು ಮುಟ್ಟದಿರುವಾಗ ನಾನು ಹೇಗೆ ಮುಟ್ಟಲಿ ಎಂದು.

ಸಾತಾರಾ ಹೋಯಿತು, ಕರಾಡ ಹೋಯಿತು. ಕೊಲ್ಲಾಪುರದ ಹತ್ತಿರ ನಾನೇ ತಡೆಯಲಾರದೆ ಹೇಳಿದೆ. "ಅತ್ಯಾ, ನಾ ನಿಮ್ಮ ಬಗ್ಗೆ ಹಂಗ ಅಂದಿದ್ದಿಲ್ರಿ. ದೇವರಾಣಿ."

"ಗೊತ್ತದ."

"ಯಾವಾಗಿಂದ ಗೊತ್ತದ್ರಿ?"

"ನಮ್ಮ ಸಹಸ್ರನಾಮದವರು ಒಬ್ರು ಫೋನಿನ್ಯಾಗ ಹಚ್ಚಿ ಕೇಳಿಸಿದ್ರು. ನೀ ಪುಣೆಗೆ ಹೋಗ್ತೀನಿ ಅನ್ನೂಕಿಂತ ಮೊದಲs. ನಿನ್ನ ಕನ್ನಡಾನೂ ಕೇಳಿದೆ, ಆ ಹುಡುಗಿ ಮರಾಠಿನೂ ಕೇಳಿದೆ. ನೀ ಆಯಿ ಅಂದೀ, ಆಕಿ ಸಾಸೂಬಾಯಿ ಅಂದ್ಲು. ಎರಡೂ ಮಾತು ಬರ್ತಾವಲ್ಲ ನನಗ."

"ಮತ್ತ ನನ್ನ ಯಾಕ ಕೇಳಲಿಲ್ರಿ?"

"ನೀ ಅಂದಿದ್ದಿಲ್ಲಲ್ಲ, ನಿನ್ನೇನು ಕೇಳೂದು? ಅಂದವರ ಊರಿಗೆ ಹೋಗಿ ಹೇಳಿ ಬಂದೆ."

ಅದಕ್ಕೇ ಹೊರಟಿದ್ದರು. ಎಷ್ಟೋ ವರ್ಷ ಮಗಳು ಕರೆದರೂ ಹೋಗದವರು, ಎರಡು ಸಾಲಿನ ಮಾತು ತಿದ್ದಲು ಇಷ್ಟು ದೂರ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದರು. ನಾನು ಅಳುವುದರಲ್ಲಿದ್ದೆ. ಅವರು ಚೀಲದ ಲಾಡಿಯ ಗಂಟು ಬಿಚ್ಚತೊಡಗಿದರು. ಜಪಮಾಲೆಗೆ ಇರಬೇಕೆಂದುಕೊಂಡೆ. ಎದುರಿನ ಲಾರಿಗೆ ನಮ್ಮ ಡ್ರೈವರು ಜೋರಾಗಿ ಹಾರ್ನ್ ಹೊಡೆದ. ಅದೇ ಹೊತ್ತಿಗೆ ಚೀಲದೊಳಗೆ ಕಾಗದ ಸರಬರ ಎಂದಿತು. ಹಾರ್ನ್ ನಿಂತಿತು. ಕಾಗದವೂ ನಿಂತಿತು. ಮತ್ತೆ ಹಾರ್ನ್, ಮತ್ತೆ ಕಾಗದ. ಎಷ್ಟು ವರ್ಷದ ಅಭ್ಯಾಸವೋ, ತಾಳ ಒಂದಿಷ್ಟೂ ತಪ್ಪಲಿಲ್ಲ.

ಬಸ್ಸಿನಲ್ಲಿ ಕುಗ್ಗಿದ ಪೇಢೆಗಳು ಎಲ್ಲಿದ್ದವೆಂದು ಆಗ ತಿಳಿಯಿತು.

ಅವರು ನನ್ನ ಕಡೆ ನೋಡದೆಯೇ ಅಂಗೈಯನ್ನು ಸೆರಗಿನ ಕೆಳಗಿಂದ ನನ್ನ ಕಡೆ ಸರಿಸಿದರು. ಅಂಗೈಯಲ್ಲಿ ಅರ್ಧ ಪೇಢೆ.

"ಅತ್ಯಾ… ಏಕಾದಶಿ."

"ಈ ರಾಜ್ಯದಾಗ ಹಾಲಿಂದು ಉಪಾಸಕ್ಕ ನಡೀತದ. ಕಾಕು ಹೇಳಿದ್ದು ಕೇಳಿಲ್ಲೇನು?"

ಕಿಟಕಿಯ ಆಚೆ ಟೋಲ್ ನಾಕೆ ಕಾಣತೊಡಗಿತ್ತು. ಎಮ್ಮೆ ಇರಲಿಲ್ಲ.

"ಲಗೂನ ತಿನ್ನು," ಎಂದರು ಅತ್ತೆಯವರು. "ಗಡಿ ಬಂತು."

ಕೃಷ್ಣಾ ಎಂದು ಬಾಯಿಗೆ ಹಾಕಿಕೊಂಡೆ. ಸಪ್ಪಳಾಗಲಿಲ್ಲ.